ಅತ್ತೆ ನೋಡಿದ ಒಂದೇ ಆಟ

ನಮ್ಮ ಅತ್ತೆಯ ಎರಡೂ ಕಾಲುಗಳಲ್ಲಿ, ಮೊಣಕಾಲಿನ ಹಿಂಬದಿಯಿಂದ ಹಿಮ್ಮಡಿಯವರೆಗೆ, ನೀಲಿ ನರಗಳು ಗಂಟುಗಂಟಾಗಿ ಉಬ್ಬಿದ್ದವು. ಸೀರೆಯನ್ನು ಮೇಲಕ್ಕೆ ಸಿಕ್ಕಿಸಿಕೊಂಡು ಅಂಗಳಕ್ಕೆ ಸಗಣಿ ನೀರು ಹಾಕುವಾಗ ಅವು ಎದ್ದು ಕಾಣುತ್ತಿದ್ದವು. ಮದುವೆಯಾಗಿ ಅಕ್ಕಿಆಲೂರಿಗೆ ಬಂದ ಮೊದಲ ವಾರ ಅವನ್ನು ನೋಡಿ ನಾನು ಹೆದರಿದ್ದೆ. ನನ್ನ ತವರು ಸವಣೂರು ತಾಲೂಕಿನ ಹತ್ತಿಮತ್ತೂರು. ಅಲ್ಲಿಯ ಒಣ ಹೊಲಗಳಲ್ಲಿ ದುಡಿಯುವ ಹೆಂಗಸರ ಹಿಮ್ಮಡಿ ಬಿರಿದಿರುತ್ತಿತ್ತು, ಕಾಲು ಹೀಗೆ ಉಬ್ಬಿರುತ್ತಿರಲಿಲ್ಲ. ಅತ್ತೆಯ ಕಾಲು ಭತ್ತದ ಗದ್ದೆಯ ಕೆಸರಿನಲ್ಲಿ ನಿಂತು ನಿಂತು ಹಾಗಾಗಿದ್ದವು.

ಗದ್ದೆಯಿಂದ ಬಂದ ಮೇಲೂ ಅವರು ಕೂರುತ್ತಿರಲಿಲ್ಲ. ರೊಟ್ಟಿ ಬಡಿಯುವ ಹೊತ್ತು ಬಿಟ್ಟರೆ ಅವರು ಕುಳಿತದ್ದನ್ನು ನಾನು ಕಂಡದ್ದು ಕಡಿಮೆ. ಚಹಾವನ್ನು ಅಡಿಗೆಮನೆಯ ಬಾಗಿಲಿಗೆ ಒರಗಿ ಕುಡಿಯುತ್ತಿದ್ದರು. ನೆರೆಯವರು ಬಂದರೆ ಅವರಿಗೆ ಚಾಪೆ ಹಾಸಿ ತಾವು ಕಂಬಕ್ಕೆ ಆತು ಮಾತಾಡುತ್ತಿದ್ದರು. ನಾನು ಒಮ್ಮೆ, "ಸ್ವಲ್ಪ ಕುಂತಕೋರಿ ಅತ್ತಿ," ಎಂದೆ.

"ಕುಂತ್ರ ಏಳಾಕ ಆಗಂಗಿಲ್ಲ ಯವ್ವಾ. ಅದಕ್ಕ ನಿಂತಿರ್ತೇನಿ," ಎಂದರು. ನಗಲಿಲ್ಲ, ಗೊಣಗಲೂ ಇಲ್ಲ. ಹೊರಗೆ ಬಿಸಿಲಿದೆ ಎಂದು ಹೇಳಿದ ಹಾಗೆ ಹೇಳಿದರು.

ಅವರ ತವರು ಶಿಗ್ಗಾಂವಿ ತಾಲೂಕಿನ ಹಿರೇಬೆಂಡಿಗೇರಿ. ಹನ್ನೊಂದು ವರ್ಷಕ್ಕೆ ಮದುವೆ. ಐದು ಹೆರಿಗೆಯಲ್ಲಿ ಉಳಿದವರು ಇಬ್ಬರು ಗಂಡುಮಕ್ಕಳು. ದೊಡ್ಡವರು ನನ್ನ ಗಂಡ. ಊರಿನ ಅಕ್ಕಿ ಗಿರಣಿಯಲ್ಲಿ ಗುಮಾಸ್ತರು. ಚಿಕ್ಕವನು ನನ್ನ ಮೈದುನ. ಅವನು ಮನೆಯಲ್ಲಿರಲಿಲ್ಲ. ಮನೆಯಲ್ಲಿ ಅವನ ಹೆಸರನ್ನೂ ಯಾರೂ ಎತ್ತುತ್ತಿರಲಿಲ್ಲ, ಮಾವನ ಎದುರಿಗಂತೂ ಇಲ್ಲವೇ ಇಲ್ಲ.

ಅವನ ಕಥೆಯನ್ನು ನನ್ನ ಗಂಡ ನನಗೆ ತುಣುಕು ತುಣುಕಾಗಿ ಹೇಳಿದ್ದರು. ಹಾನಗಲ್ಲಿನ ಹೈಸ್ಕೂಲಿಗೆ ಹೋದ ಹುಡುಗ ಅಲ್ಲಿ ಫುಟ್‌ಬಾಲ್ ಹಚ್ಚಿಕೊಂಡ. ಚೆಂಡು ಒದೆಯುವವನಲ್ಲ, ಗೋಲಿನಲ್ಲಿ ನಿಂತು ಹಿಡಿಯುವವನು, ಗೋಲಿ. ರಜೆಯಲ್ಲಿ ಗಿರಣಿಗೆ ಬಂದರೆ ಚಕ್ಕಡಿಯ ಮೇಲಿನಿಂದ ಆಳುಗಳು ಎಸೆಯುವ ಖಾಲಿ ಚೀಲದ ಕಟ್ಟುಗಳನ್ನು ಎಡಕ್ಕೂ ಬಲಕ್ಕೂ ಹಾರಿ ಹಿಡಿಯುತ್ತಿದ್ದನಂತೆ. ಕೊನೆಯ ಪರೀಕ್ಷೆಯಲ್ಲಿ ಎರಡು ಸಲ ನಪಾಸಾದ. ಎರಡನೆಯ ಸಲ ಮಾವ ಅವನ ಬೂಟುಗಳನ್ನು ನೀರೊಲೆಗೆ ಹಾಕಿದರು. ಮರುದಿನ ಬೆಳಿಗ್ಗೆ ಅವನು ಮನೆ ಬಿಟ್ಟ. ಅತ್ತೆಯ ತಮ್ಮನೊಬ್ಬ ಮುಂಬಯಿಯಲ್ಲಿ ಬಟ್ಟೆ ಗಿರಣಿಯ ಕೆಲಸದಲ್ಲಿದ್ದ. ಅವನ ಚಾಳಿನ ಖೋಲಿಗೆ ಹೋಗಿ ಸೇರಿಕೊಂಡ. ಅಲ್ಲಿ ಗಿರಣಿಯ ತಂಡಕ್ಕೆ ಗೋಲಿ ಬೇಕಾಗಿದ್ದ. ಹೀಗೆ ಕೆಲಸವೂ ಸಿಕ್ಕಿತು, ಆಟವೂ ಉಳಿಯಿತು. ಆಮೇಲೆ ಆರು ವರ್ಷದಲ್ಲಿ ಊರಿಗೆ ಬಂದದ್ದು ಒಂದೇ ಸಲ, ನಮ್ಮ ಮದುವೆಗೆ. ತಂದೆ ಮಗ ಒಂದೇ ಪಂಕ್ತಿಯಲ್ಲಿ ಕೂತು ಉಂಡರು, ಒಂದು ಮಾತೂ ಆಡಲಿಲ್ಲ.

ಏಕೀಕರಣವಾಗಿ ಎರಡು ಮೂರು ವರ್ಷ ಕಳೆದಿದ್ದವು. ಒಂದು ದಿನ ಮಧ್ಯಾಹ್ನ ನನ್ನ ಗಂಡ ಊಟಕ್ಕೆ ಬರುವಾಗ ಗಿರಣಿಯ ಪತ್ರಿಕೆಯನ್ನು ಹಿಡಿದುಕೊಂಡು ಬಂದರು. ಒಂದು ದಿನ ತಡವಾಗಿ ಬರುವ ಪತ್ರಿಕೆ ಅದು. ಮುಂಬಯಿಯ ದೊಡ್ಡ ಕ್ರೀಡಾಂಗಣದಲ್ಲಿ ಬೇರೆ ಬೇರೆ ದೇಶದ ತಂಡಗಳು ಸೇರುವ ಫುಟ್‌ಬಾಲ್ ಪಂದ್ಯಾವಳಿ ನಡೆಯಲಿದೆ ಎಂಬ ಸುದ್ದಿ. ಅದರ ಕೆಳಗೆ ನಮ್ಮ ದೇಶದ ತಂಡದ ಆಟಗಾರರ ಹೆಸರುಗಳು. ಕೊನೆಯ ಸಾಲಿನಲ್ಲಿ ಮೈದುನನ ಹೆಸರಿತ್ತು.

ನನ್ನ ಗಂಡ ಎರಡು ಸಲ ಓದಿದರು. ಅತ್ತೆ ಸೌಟು ಹಿಡಿದು ನಿಂತಿದ್ದರು. "ಅಂವಂದ ಹೌದೇನು?" ಎಂದು ಕೇಳಿದರು.

"ಹೌದಬೇ. ಊರ ಹೆಸರೂ ಹಾಕ್ಯಾರ ನೋಡು."

ಅತ್ತೆ ಪತ್ರಿಕೆಯನ್ನು ಕೈಗೆ ತೆಗೆದುಕೊಂಡರು. ಅವರಿಗೆ ಓದು ಬಾರದು. ಹೆಸರು ಯಾವ ಜಾಗದಲ್ಲಿದೆ ಎಂದು ನನ್ನ ಗಂಡನಿಂದ ಬೆರಳಿಟ್ಟು ತೋರಿಸಿಕೊಂಡರು. ಪಡಸಾಲೆಯಲ್ಲಿ ಎಲೆ ಅಡಿಕೆ ಹಾಕುತ್ತಿದ್ದ ಮಾವ ಎಲ್ಲವನ್ನೂ ಕೇಳಿಸಿಕೊಂಡರು. ಎದ್ದು ಹೊರಗೆ ಹೋದರು.

ನನ್ನ ಗಂಡ ತಮ್ಮನಿಗೆ ಕಾಗದ ಬರೆದರು: ಅವ್ವ ನೋಡಲು ಬರಬೇಕೆನ್ನುತ್ತಾಳೆ. ವಾರ ಕಳೆದ ಮೇಲೆ ಒಂದು ಕಾರ್ಡು ಬಂತು. ಅದನ್ನು ಓದಿ ಹೇಳಿದವಳು ನಾನು. "ಬರುವುದು ಬೇಡ. ದೂರವಾಗುತ್ತದೆ. ಅವ್ವನಿಗೆ ಕಾಲು ನೋವು. ಮುಂದೆ ಯಾವಾಗಾದರೂ ನಾನೇ ಬರುತ್ತೇನೆ."

ಅತ್ತೆ ಇನ್ನೊಮ್ಮೆ ಓದು ಎಂದರು. ಓದಿದೆ.

"ಅಂವ ಬ್ಯಾಡ ಅಂದಾನಂದ್ರ ಏನೋ ಐತಿ. ಹೋಗೂಣು," ಎಂದರು.

ನನ್ನ ಗಂಡನಿಗೆ ಗಿರಣಿ ಬಿಟ್ಟು ಬರುವಂತಿರಲಿಲ್ಲ. ಭತ್ತ ಬರುವ ಕಾಲ. ಮಾವನನ್ನು ಯಾರೂ ಕೇಳಲಿಲ್ಲ. ನಾನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವಳು, ಸವಣೂರಿನಲ್ಲಿ ಕಲಿತವಳು, ಸ್ಟೇಷನ್ನಿನ ಹಲಗೆ ಓದಬಲ್ಲೆ, ನಾಲ್ಕು ಮಾತು ಮರಾಠಿ ಬರುತ್ತದೆ. ಮದುವೆಯಾಗಿ ನಾಲ್ಕು ವರ್ಷವಾದರೂ ಮಕ್ಕಳಿರಲಿಲ್ಲ. ಹಾಗಾಗಿ ನಾನೇ ಜೊತೆಗೆ ಹೋಗುವುದು ಎಂದಾಯಿತು. ಹೊರಡುವ ದಿನ ಮಾವ ಹಟ್ಟಿಯಲ್ಲಿ ಎತ್ತಿನ ಮೈ ತಿಕ್ಕುತ್ತಿದ್ದರು. ಅತ್ತೆ ಬಾಗಿಲಲ್ಲಿ ನಿಂತು, "ಹೋಗಿ ಬರ್ತೇನ್ರಿ," ಎಂದರು. ಮಾವ ಮುಖ ತಿರುಗಿಸದೆ, "ಹುಂ," ಎಂದರು.

ಹಾವೇರಿಯವರೆಗೆ ಬಸ್ಸು. ಅಲ್ಲಿಂದ ರೈಲು. ಅತ್ತೆ ರೈಲು ಹತ್ತಿದ್ದು ಅದೇ ಮೊದಲು. ಯಲವಿಗಿ ಸ್ಟೇಷನ್ನಿನಲ್ಲಿ ನನ್ನ ಅಣ್ಣ ಹತ್ತಿಮತ್ತೂರಿನಿಂದ ಬುತ್ತಿ ತಂದು ಕಿಟಕಿಯಲ್ಲಿ ಕೊಟ್ಟ: ಜೋಳದ ರೊಟ್ಟಿ, ಶೇಂಗಾ ಚಟ್ನಿ, ಬದನೆಕಾಯಿ. ಮುಂದೆ ಹುಬ್ಬಳ್ಳಿ, ಲೋಂಡಾ, ಬೆಳಗಾವಿ, ಮೀರಜ. ಮೂರನೆಯ ತರಗತಿಯ ಡಬ್ಬಿಯಲ್ಲಿ ಹಲಗೆಯ ಮೇಲೆ ನಾಲ್ವರ ಜಾಗದಲ್ಲಿ ಏಳು ಮಂದಿ. ಅತ್ತೆಯ ಕಾಲು ಬಾತು ಕಾಲಿನ ಕಡಗ ಚರ್ಮಕ್ಕೆ ಕಚ್ಚಿಕೊಂಡಿತು. ಪುಣೆಯಲ್ಲಿ ಗಾಡಿ ಬದಲಿಸುವಾಗ ಮೆಟ್ಟಿಲು ಹತ್ತಿ ಇಳಿಯಲು ನಮಗೆ ಎಷ್ಟು ಹೊತ್ತು ಹಿಡಿಯಿತೆಂದರೆ, ಮುಂಬಯಿಯ ಗಾಡಿ ನಮ್ಮ ಕಣ್ಣೆದುರಿಗೇ ಹೊರಟುಹೋಯಿತು. ಅತ್ತೆ ಅದರ ಹಿಂದೆ ನೋಡುತ್ತ, "ಇನ್ನೊಂದು ಬರ್ತೈತೇನು?" ಎಂದರು. ಬರುತ್ತದೆ ಎಂದೆ. "ಹಂಗಾದ್ರ ಆತು," ಎಂದು ಕಂಬಕ್ಕೆ ಆತು ನಿಂತರು.

ಮುಂಬಯಿಯಲ್ಲಿ ಅತ್ತೆಯ ತಮ್ಮ ನಮ್ಮನ್ನು ಇಳಿಸಿಕೊಂಡ. ಅವನ ಖೋಲಿ ನಮ್ಮ ಅಡಿಗೆಮನೆಯಷ್ಟು ಇತ್ತು. ಮೈದುನ ಅಲ್ಲಿರಲಿಲ್ಲ, ಆಟಗಾರರನ್ನೆಲ್ಲ ಒಂದು ಕಡೆ ಇಳಿಸಿದ್ದರು. ನಾವು ಬಂದದ್ದು ಅವನಿಗೆ ಗೊತ್ತಿಲ್ಲ ಎಂದು ಅತ್ತೆಯ ತಮ್ಮ ಹೇಳಿದ. ಹೇಳುವಾಗ ನಮ್ಮ ಮುಖ ನೋಡಲಿಲ್ಲ.

ಮರುದಿನ ಮಧ್ಯಾಹ್ನ ಕ್ರೀಡಾಂಗಣಕ್ಕೆ ಹೋದೆವು. ಅಷ್ಟು ಜನವನ್ನು ನಾನು ಅದುವರೆಗೆ ಒಂದೇ ಕಡೆ ಕಂಡಿರಲಿಲ್ಲ. ಟ್ರಾಮು, ಬಸ್ಸು, ಸೈಕಲ್ಲು, ಎಲ್ಲ ದಾರಿಗಳಿಂದಲೂ ಗಂಡಸರು ಇಳಿದು ಇಳಿದು ಒಂದೇ ಗೋಡೆಯ ಕಡೆಗೆ ಓಡುತ್ತಿದ್ದರು. ಗೋಡೆಯ ಮೇಲೆ ಬೇರೆ ಬೇರೆ ದೇಶಗಳ ಬಾವುಟ. ಕುದುರೆ ಏರಿದ ಪೋಲೀಸರು ಸಾಲು ಸರಿಮಾಡುತ್ತಿದ್ದರು. ನಾವು ಬಿಸಿಲಿನಲ್ಲಿ ಬಹಳ ಹೊತ್ತು ಸರದಿಯಲ್ಲಿ ನಿಂತೆವು. ಒಳಗೆ ಹೋದ ಮೇಲೆ ಸಿಮೆಂಟಿನ ಮೆಟ್ಟಿಲು. ಅತ್ತೆ ಒಂದು ಕೈಯನ್ನು ಗೋಡೆಗೆ, ಇನ್ನೊಂದನ್ನು ನನ್ನ ಹೆಗಲಿಗೆ ಕೊಟ್ಟು ಹತ್ತಿದರು. ನಡುವೆ ಮೂರು ಸಲ ನಿಂತರು. ಹಿಂದಿನವರು ಬೈಯುತ್ತಿದ್ದರು. ಕೊನೆಯ ಮೆಟ್ಟಿಲಲ್ಲಿ ತಲೆ ಎತ್ತಿದಾಗ ಕೆಳಗೆ ಹಸಿರು ಮೈದಾನ ಇದ್ದಕ್ಕಿದ್ದ ಹಾಗೆ ತೆರೆದುಕೊಂಡಿತು.

ಅತ್ತೆ ಉಸಿರು ಬಿಡುತ್ತ ನೋಡಿದರು. "ಈ ಹುಲ್ಲು ಯಾರು ಕೊಯ್ತಾರ?" ಎಂದರು.

"ಮಶೀನ್ ಐತಿ ಅಕ್ಕ," ಎಂದ ಅವರ ತಮ್ಮ.

"ಕೊಯ್ದದ್ದು ಯಾವ ದನಕ್ಕ ಹಾಕ್ತಾರ?"



ಮರದ ಹಲಗೆಯ ಸಾಲಿನಲ್ಲಿ ಕುಳಿತೆವು. ನಮ್ಮ ಸುತ್ತ ಕಣ್ಣು ಹಾಯುವವರೆಗೆ ಹೆಂಗಸೆಂದರೆ ನಾವಿಬ್ಬರೇ. ಇಳಕಲ್ ಸೀರೆ ಉಟ್ಟ, ಹಣೆಗೆ ಕಾಸಗಲ ಕುಂಕುಮ ಹಚ್ಚಿದ ಮುದುಕಿ ಚೆಂಡಾಟ ನೋಡಲು ಬಂದದ್ದನ್ನು ಜನ ಹೊರಳಿ ಹೊರಳಿ ನೋಡಿದರು. ಪಕ್ಕದಲ್ಲಿ ಒಬ್ಬ ಮರಾಠಿ ಗೃಹಸ್ಥರಿದ್ದರು, ಕನ್ನಡಕದವರು, ಯಾವುದೋ ಆಫೀಸಿನಲ್ಲಿ ಕಾರಕೂನರಂತೆ. ಅವರು ಸ್ವಲ್ಪ ಸರಿದು ಅತ್ತೆ ಕಾಲು ಚಾಚಲು ಜಾಗ ಮಾಡಿಕೊಟ್ಟರು.

ಆಟಗಾರರು ಓಡುತ್ತ ಬಂದರು. ಒಂದು ಕಡೆ ನಮ್ಮವರು, ಇನ್ನೊಂದು ಕಡೆ ಬರ್ಮಾ ದೇಶದವರು. ಜನ ಎದ್ದು ಕೂಗಿದ ಸದ್ದಿಗೆ ನಾನು ಕಿವಿ ಮುಚ್ಚಿಕೊಂಡೆ. ಅತ್ತೆ ಹುಬ್ಬಿಗೆ ಕೈ ಅಡ್ಡ ಹಿಡಿದು ಒಬ್ಬೊಬ್ಬರನ್ನೇ ನೋಡಿದರು. ಗೋಲಿನ ಕಂಬಗಳ ನಡುವೆ ಬೇರೆ ಬಣ್ಣದ ಅಂಗಿ ತೊಟ್ಟು ಎತ್ತರದ ಆಳೊಬ್ಬ ಹೋಗಿ ನಿಂತ. ನಾನು, "ಅಲ್ಲಿ ನೋಡ್ರಿ ಅತ್ತಿ, ನಿಂತಾರ," ಎಂದೆ.

"ಅಂವ ನಮ್ಮಂವ ಅಲ್ಲ. ನಡಿಗಿ ಬ್ಯಾರೆ ಐತಿ."

ನಾನು ಅತ್ತೆಯ ತಮ್ಮನ ಕಡೆ ತಿರುಗಿದೆ. ಅವನು ಬೆರಳಿನಿಂದ ಕೆಳಗೆ ತೋರಿಸಿದ. ಮೈದಾನದ ಅಂಚಿನಲ್ಲಿ, ಸುಣ್ಣದ ಗೆರೆಯ ಹೊರಗೆ ಒಂದು ಉದ್ದನೆಯ ಬೆಂಚಿತ್ತು. ಅದರ ಮೇಲೆ ನೀಲಿ ಕೋಟು ತೊಟ್ಟ ಆರೇಳು ಮಂದಿ ಕುಳಿತಿದ್ದರು. ತುದಿಯಲ್ಲಿದ್ದವನು ಮೈದುನ. ಮೊಣಕಾಲಿನ ಮೇಲೆ ಎರಡೂ ಕೈ ಇಟ್ಟುಕೊಂಡು ಕುಳಿತಿದ್ದ.

"ಅಕ್ಕ, ಅಂವ ಎರಡನೇ ಗೋಲಿ. ನನಗ ಮೊದಲ ಗೊತ್ತಿತ್ತು. ನೀ ಅಷ್ಟು ದೂರದಿಂದ ಬಂದಿ, ಹೆಂಗ ಹೇಳ್ಲಿ?"

"ಯಾವಾಗ ಆಡ್ತಾನ?" ಎಂದು ಅತ್ತೆ ಕೇಳಿದರು.

 ಪಕ್ಕದ ಗೃಹಸ್ಥರನ್ನು ನಾನು ನನ್ನ ಅರೆಬರೆ ಮರಾಠಿಯಲ್ಲಿ ಕೇಳಿದೆ. ಅವರು ವಿವರಿಸಿದರು: ಆಟ ಶುರುವಾದ ಮೇಲೆ ಹನ್ನೊಂದು ಮಂದಿಯಷ್ಟೇ. ಒಬ್ಬನ ಕಾಲು ಮುರಿದರೂ ಹತ್ತು ಮಂದಿ ಆಡಬೇಕು, ಹೊರಗಿನವನು ಒಳಗೆ ಹೋಗುವ ಹಾಗಿಲ್ಲ. ಇಲ್ಲಿಯ ಕಾಯಿದೆ ಹಾಗಿದೆ. ನಾನು ಅತ್ತೆಗೆ ಅದನ್ನು ಹೇಳಿದೆ. ಹೇಳುವಾಗ ಎಲ್ಲಿ ಎದ್ದು ಹೋಗೋಣ ಎನ್ನುತ್ತಾರೋ ಎಂದುಕೊಂಡಿದ್ದೆ. ಅವರು ಕಾಲನ್ನು ಇನ್ನಷ್ಟು ಚಾಚಿ ಹಿಂದಿನ ಹಲಗೆಗೆ ಒರಗಿದರು. ಮೈದಾನದ ಚೆಂಡು ಎತ್ತ ಹೋದರೂ ಅವರ ಮುಖ ಬೆಂಚಿನ ತುದಿಯ ಕಡೆಗೇ ಇತ್ತು. ಇಪ್ಪತ್ತೆರಡು ಮಂದಿ ಓಡಾಡಿದರು, ಸಾವಿರಾರು ಜನ ಕೂಗಿದರು. ನಮ್ಮ ಅತ್ತೆ ಒಂದೂವರೆ ತಾಸು ಕುಳಿತವನನ್ನು ನೋಡಿದರು.

ನಡುವಿನ ಬಿಡುವಿನಲ್ಲಿ ಮೈದುನ ಎದ್ದು ಆಟಗಾರರಿಗೆ ಹೆಚ್ಚಿದ ನಿಂಬೆಹಣ್ಣಿನ ತಟ್ಟೆ ಹಿಡಿದ. ಅವರ ಒದ್ದೆ ಟವೆಲ್ಲುಗಳನ್ನು ಕೂಡಿಸಿಕೊಂಡ. "ಮನ್ಯಾಗ ಒಂದು ತಂಬಗಿ ಎತ್ತಿ ಇಟ್ಟಂವ ಅಲ್ಲ," ಎಂದರು ಅತ್ತೆ. ಆ ಮಾತಿನಲ್ಲಿ ದೂರು ಇತ್ತೋ ಬೆರಗು ಇತ್ತೋ ನನಗೆ ತಿಳಿಯಲಿಲ್ಲ.

ಆಮೇಲಿನ ಆಟದಲ್ಲಿ ನಮ್ಮ ಗೋಲಿ ಬಿದ್ದ. ಮೂಲೆಯಿಂದ ಬಂದ ಚೆಂಡಿಗೆ ಹಾರಿದವನು ಎದುರಿನವನಿಗೆ ಡಿಕ್ಕಿ ಹೊಡೆದು ಕೆಳಗೆ ಬಿದ್ದು ಕೈ ಹಿಡಿದುಕೊಂಡು ಹೊರಳಿದ. ಇಡೀ ಕ್ರೀಡಾಂಗಣ ಎದ್ದು ನಿಂತಿತು. ನಾನೂ ನಿಂತೆ. ಬೆಂಚಿನ ತುದಿಯಲ್ಲಿ ಮೈದುನ ಎದ್ದಿದ್ದ. ಕೋಟು ಕಳಚಿದ. ಎರಡು ಸಲ ಬಗ್ಗಿ ಕಾಲಬೆರಳು ಮುಟ್ಟಿದ. ಗೆರೆಯವರೆಗೂ ಬಂದ. ಅಲ್ಲಿ ಒಬ್ಬ ಅಧಿಕಾರಿ ಅವನ ಎದೆಗೆ ಅಡ್ಡ ಕೈ ಹಿಡಿದು ತಲೆ ಅಲ್ಲಾಡಿಸಿದ. ಕಾಯಿದೆ ಮೈದುನನಿಗೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದ್ದೂ ಕಾಲು ಅವನನ್ನು ಅಲ್ಲಿಯವರೆಗೆ ಒಯ್ದಿತ್ತು. ಅವನು ಗೆರೆಯ ಮೇಲೆ ಸ್ವಲ್ಪ ಹೊತ್ತು ನಿಂತ. ಆಮೇಲೆ ಹಿಂದಿರುಗಿ ಕೋಟನ್ನು ಮಡಿಸಿ ಬೆಂಚಿನ ಮೇಲಿಟ್ಟ. ನೀರಿನ ಬಕೆಟ್ಟು, ಬಟ್ಟೆಯ ಸುರುಳಿ ಎತ್ತಿಕೊಂಡು ಒಳಗೆ ಓಡಿದ. ಅದಕ್ಕೆ ಅವರು ತಡೆಯಲಿಲ್ಲ. ಬಿದ್ದವನ ಪಕ್ಕದಲ್ಲಿ ಮೊಣಕಾಲೂರಿ ಮಣಿಕಟ್ಟಿಗೆ ಬಟ್ಟೆ ಸುತ್ತಿದ. ಅವಸರ ಮಾಡಲಿಲ್ಲ. ಕಟ್ಟು ಮುಗಿದ ಮೇಲೆ ಅವನ ಬೆರಳುಗಳನ್ನು ಒಂದೊಂದಾಗಿ ಮಡಿಸಿ ಬಿಚ್ಚಿ ನೋಡಿದ, ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿ ನಿಲ್ಲಿಸಿದ, ಬಕೆಟ್ಟು ಹಿಡಿದು ಹೊರಗೆ ಬಂದ.

ಕುಳಿತೇ ಇದ್ದ ಅತ್ತೆ ನಿಂತ ಜನರ ಸಂದಿಯಿಂದ ಇದಿಷ್ಟನ್ನೂ ನೋಡಿದ್ದರು. "ಕಟ್ಟು ಚೊಲೊ ಕಟ್ಟಿದ," ಎಂದರು.

ಆ ಗೋಲಿ ಒಂದೇ ಕೈಯಲ್ಲಿ ಕೊನೆಯವರೆಗೂ ಆಡಿದ. ಒಂದು ಚೆಂಡು ಅವನನ್ನು ದಾಟಿ ಹೋಯಿತು. ನಮ್ಮವರು ಸೋತರು.

ಜನ ಕರಗಲು ಬಹಳ ಹೊತ್ತು ಹಿಡಿಯಿತು. ಆಟಗಾರರು ಹೊರಬರುವ ಬಾಗಿಲಿನ ಹತ್ತಿರ ನಾವು ಗೋಡೆಗೆ ಆತು ನಿಂತೆವು. ಮೈದುನ ಹೆಗಲ ಮೇಲೆ ಒಂದು ಮೂಟೆ ಹೊತ್ತು ಬಂದ. ಎಲ್ಲರ ಕೊಳೆ ಬಟ್ಟೆಗಳಿರಬೇಕು. ನಮ್ಮನ್ನು ಕಂಡವನೇ ನಿಂತುಬಿಟ್ಟ. ಮುಖ ಕಪ್ಪಿಟ್ಟಿತು.

"ಯಾಕ ಬಂದಿ ಅವ್ವಾ? ಬ್ಯಾಡ ಅಂತ ಬರದಿದ್ನೆಲ್ಲ."

 "ಆ ಹುಡುಗನ ಕೈ ಮುರದೈತೇನು?" ಎಂದು ಅತ್ತೆ ಕೇಳಿದರು.

 "ಮುರದಿಲ್ಲ. ಬಾತೈತಿ."

"ಅರಿಷಿಣ ಬಿಸಿ ಮಾಡಿ ಹಚ್ಚು. ಮೊದಲ ಅದನ್ನ ಮಾಡು."

"ಹಚ್ತೇನಿ." ಮೂಟೆಯನ್ನು ಕೆಳಗಿಟ್ಟ. ಆಮೇಲೆ ನೆಲ ನೋಡುತ್ತ, "ಅವ್ವಾ, ನಾ ಆಡ್ಲಿಲ್ಲ," ಎಂದ.

"ನೋಡಿದೆ."

"ಮುಂದಿನ ಆಟಾನೂ ಆಡಂಗಿಲ್ಲ. ಅಂವ ನನ್ನಕಿಂತ ಚೊಲೊ ಆಡ್ತಾನ. ಭಾಳ ಚೊಲೊ ಆಡ್ತಾನ."

"ಹಂಗಾದ್ರ ಅವನ ಆಡ್ಲಿ," ಎಂದರು ಅತ್ತೆ. ಅವನ ಎರಡೂ ಅಂಗೈಗಳನ್ನು ಹಿಡಿದು ತಿರುಗಿಸಿ ನೋಡಿದರು. ಚರ್ಮ ದಪ್ಪಗಟ್ಟಿತ್ತು, ಒಂದು ಬೆರಳು ಸೊಟ್ಟಗಾಗಿತ್ತು. "ನೀ ದಿನಾ ಹೋಗ್ತೀಯೇನು ಆಟಕ್ಕ?"

"ದಿನಾ. ಗಿರಣಿ ಬಿಟ್ಟ ಮ್ಯಾಲೆ. ಒಂದಿನಾನೂ ತಪ್ಪಿಸಿಲ್ಲ."

"ಊರಿಗೆ ಹೋದ ಮ್ಯಾಲೆ ನಿಮ್ಮ ಅಪ್ಪಗ ಏನ್ ಹೇಳ್ಲಿ?"

 ದೂರದಲ್ಲಿ ಯಾರೋ ಅವನನ್ನು ಕೂಗುತ್ತಿದ್ದರು. "ಇದ್ದದ್ದ ಹೇಳು," ಎಂದ. ಬಗ್ಗಿ ತಾಯಿಯ ಕಾಲು ಮುಟ್ಟಿ ನಮಸ್ಕರಿಸಿದ, ನನಗೆ, "ಅತ್ತಿಗಿ, ಅವ್ವನ್ನ ಸಾವಕಾಶ ಕರಕೊಂಡು ಹೋಗ್ರಿ," ಎಂದ, ಮೂಟೆ ಎತ್ತಿಕೊಂಡು ಹೋದ.

ತಿರುಗಿ ಬರುವ ರೈಲಿನಲ್ಲಿ ನಮಗೆ ಕಿಟಕಿಯ ಪಕ್ಕ ಜಾಗ ಸಿಕ್ಕಿತು.  ಕಲ್ಲಿದ್ದಲ ಪುಡಿ ಕಣ್ಣಿಗೆ ಹಾರುತ್ತಿತ್ತು. ಸಾತಾರೆ ದಾಟಿದ ಮೇಲೆ ಅತ್ತೆ ಇದ್ದಕ್ಕಿದ್ದಂತೆ, "ನಿನಗ ಶಾಲಿ ಕಾಗದ ಬಂದಿತ್ತಲ್ಲ, ಇಟ್ಟೀಯೇನು?" ಎಂದರು.

ಆ ವಿಷಯ ಅವರ ಬಾಯಲ್ಲಿ ಬರುತ್ತದೆಂದು ನಾನು ಎಣಿಸಿರಲಿಲ್ಲ. ಮುಲ್ಕಿ ಪಾಸಾದ ಹೆಣ್ಣುಮಕ್ಕಳು ಆಗ ಕಡಿಮೆ. ಹಳ್ಳಿಯ ಹೆಣ್ಣುಮಕ್ಕಳ ಶಾಲೆಗಳಿಗೆ ಶಿಕ್ಷಕಿಯರು ಬೇಕಾಗಿದ್ದಾರೆ, ಬಂದು ಕಾಣಬೇಕು ಎಂದು ಸ್ಕೂಲ್ ಬೋರ್ಡಿನಿಂದ ನನಗೆ ಎರಡು ಸಲ ಕಾಗದ ಬಂದಿತ್ತು. ಎರಡು ಸಲವೂ ಮನೆಯಲ್ಲಿ ಬೇಡ ಎಂದಿದ್ದರು. ಆ ಕಾಗದಗಳು ನನ್ನ ಟ್ರಂಕಿನಲ್ಲಿ ಮದುವೆಯ ಸೀರೆಯ ಕೆಳಗಿದ್ದವು.

"ಇಟ್ಟೇನ್ರಿ."

"ಮತ್ತ ಬರ್ತೈತೇನು?"

"ನಾನ ಅರ್ಜಿ ಬರದ್ರ ಬರಬಹುದ್ರಿ."

ಅತ್ತೆ ಕಿಟಕಿಯ ಹೊರಗೆ ನೋಡಿದರು. "ಅಂವಗ ಕಾಯಿದೆ ಅಡ್ಡ ಬಂತು. ನಿನಗ ಯಾರು ಅಡ್ಡ ಬಂದ್ರು?"

ನನಗೆ ಆ ಧೈರ್ಯ ಎಲ್ಲಿಂದ ಬಂತೋ ಈಗಲೂ ಗೊತ್ತಿಲ್ಲ. ಎರಡು ದಿನದ ನಿದ್ದೆಗೆಟ್ಟ ದಣಿವು ಇರಬೇಕು. ಹೆದರುವುದಕ್ಕೂ ಶಕ್ತಿ ಬೇಕಲ್ಲ. "ನೀವ ಬಂದ್ರಿ ಅತ್ತಿ," ಎಂದೆ.

 ಮೀರಜ ಬಂತು, ಗಾಡಿ ಬಹಳ ಹೊತ್ತು ನಿಂತಿತು, ಹೊರಟಿತು. ನಾನು ಹೇಳಬಾರದ್ದನ್ನು ಹೇಳಿದೆನೆಂದು ಒಳಗೊಳಗೇ ಕುದಿಯುತ್ತಿದ್ದೆ. ಬೆಳಗಾವಿ ಇನ್ನೇನು ಬರಬೇಕು ಎನ್ನುವಾಗ ಅವರು ಹೇಳಿದರು:

"ಹೌದು. ನಾನ. ನಿಮ್ಮ ಮಾವ ಹುಂ ಅಂದಿದ್ರು. ನಾನ ಬ್ಯಾಡ ಅಂದೆ. ಸೊಸಿ ಬಂದಾಳ, ಇನ್ನ ಎರಡು ಕೈ ಆದ್ವು ಅಂತ ಅನ್ಕೊಂಡಿದ್ದೆ. ಭಾಳ ದಣದಿದ್ದೆ ಯವ್ವಾ."

ಮೊದಲು ಬೇಡವೆಂದದ್ದು ಮಾವ, ಅತ್ತೆ ಅದಕ್ಕೆ ದನಿಗೂಡಿಸಿದ್ದರು ಅಷ್ಟೇ ಎಂದು ನಾನು ನಾಲ್ಕು ವರ್ಷ ನಂಬಿದ್ದೆ. ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅವರ ಕಡೆ ನೋಡಿದೆ. ಬಾಯಿ ಸ್ವಲ್ಪ ತೆರೆದು, ತಲೆಯನ್ನು ಕಿಟಕಿಯ ಸರಳಿಗೆ ಕೊಟ್ಟು, ಆಗಲೇ ನಿದ್ದೆ ಹೋಗಿದ್ದರು. ನಾನು ಅವರ ತಲೆಯನ್ನು ಮೆಲ್ಲಗೆ ನನ್ನ ಹೆಗಲಿಗೆ ತೆಗೆದುಕೊಂಡೆ. ಹುಬ್ಬಳ್ಳಿಯವರೆಗೂ ಎಚ್ಚರವಾಗಲಿಲ್ಲ.

ಅಕ್ಕಿಆಲೂರಿನಲ್ಲಿ ಬಸ್ಸು ಇಳಿದದ್ದು ಸಂತೆಯ ದಿನ. ಓಣಿಯ ಹೆಂಗಸರು ಸುತ್ತುವರಿದರು. ಪತ್ರಿಕೆಯಲ್ಲಿ ಹೆಸರು ಬಂದದ್ದು ಊರಿಗೆಲ್ಲ ಗೊತ್ತಾಗಿತ್ತು. "ಹೆಂಗ ಆಡಿದಾ?" ಎಂದು ಒಬ್ಬಳು ಕೇಳಿದಳು. ಅತ್ತೆ ಬಾಯಿ ತೆರೆಯುವ ಮೊದಲೇ ನಾನು, "ಭಾಳ ಚೊಲೊ ಆಡಿದ್ರು. ನಾಕೈದು ಚೆಂಡು ಹಾರಿ ಹಿಡದ್ರು," ಎಂದುಬಿಟ್ಟೆ. ಅತ್ತೆಯ ಮಾನ ಉಳಿಸಿದೆನೆಂದೇ ಅಂದುಕೊಂಡೆ.

 ಮನೆಯ ತಿರುವಿನಲ್ಲಿ, ಯಾರೂ ಇಲ್ಲದ ಕಡೆ ಅತ್ತೆ ನಿಂತರು.

"ಅಂವಗ ನಾಚಿಕಿ ಆಗಬಾರ್ದು ಅಂತ ಅಷ್ಟು ಹೊತ್ತು ಕುಂತು ನೋಡಿ ಬಂದೆ. ನೀ ಒಂದು ಮಾತಿನ್ಯಾಗ ಅಂವಗ ನಾಚಿಕಿ ತಂದಿ," ಎಂದರು. ದನಿ ಏರಿಸಲಿಲ್ಲ. ನನ್ನ ಅತ್ತೆ ನನಗೆ ಬೈದದ್ದೆಂದರೆ ಅದೊಂದೇ ಸಲ. ಮರುದಿನ ಅವರೇ ಬಾವಿಕಟ್ಟೆಯ ಹತ್ತಿರ ಆ ಹೆಂಗಸರಿಗೆ, "ಅಂವ ಆಡ್ಲಿಲ್ಲ. ಎರಡನೇ ಗೋಲಿ ಅಂತ. ಹೊರಗ ಇರ್ತಾನ," ಎಂದು ಹೇಳಿದರು. ನನ್ನ ಸುಳ್ಳಿನ ಮಾತು ಎತ್ತಲಿಲ್ಲ. ಸಣ್ಣ ಹುಡುಗಿ, ಅಷ್ಟು ದೂರದಿಂದ ತಿಳಿಯಲಿಲ್ಲ ಎಂದಷ್ಟೇ ಅಂದರು.

ಮಾವ ನಾವು ಬಂದ ಸಂಜೆಯೇ ಊಟ ಮುಗಿಸಿ ಕೈ ತೊಳೆಯುವಾಗ ಕೇಳಿದರು, "ಆಡಿದ್ನೇನು?"

"ಇಲ್ರಿ. ಆಡಿಸ್ಲಿಲ್ಲ. ಅಂವನಕಿಂತ ಚೊಲೊ ಆಡಂವ ಇನ್ನೊಬ್ಬ ಅದಾನಂತ. ಆ ಹುಡುಗನ ಕೈಗೆ ಪೆಟ್ಟಾತು. ನಮ್ಮಂವ ಹೋಗಿ ಕಟ್ಟು ಕಟ್ಟಿದ, ಎಬ್ಬಿಸಿ ನಿಲ್ಲಿಸಿ ಬಂದ."

ಮಾವ ಪಂಚೆಯಲ್ಲಿ ಕೈ ಒರೆಸಿಕೊಂಡರು. ಒರೆಸಿದ ಕೈಯನ್ನೇ ಮತ್ತೆ ಒರೆಸಿದರು. "ಆಡ್ದ ಇದ್ರೂ ಬಿಟ್ಟಿಲ್ಲ?"

"ಬಿಟ್ಟಿಲ್ಲ. ದಿನಾ ಹೋಗ್ತಾನಂತ."

 ಮೂರನೆಯ ದಿನ ಮಾವ ನನ್ನನ್ನು ಪಡಸಾಲೆಗೆ ಕರೆದು ಒಂದು ಕಾರ್ಡು ಬರೆಯಲು ಹೇಳಿದರು. "ಕೊಯ್ಲಿಗೆ ಬಾ ಅಂತ ಬರಿ. ಆಳು ಸಿಗೂದಿಲ್ಲ ಅಂತ ಬರಿ." ಬೇರೆ ಏನನ್ನೂ ಬರೆಸಲಿಲ್ಲ. ಮೈದುನ ಬಂದ. ಹತ್ತು ದಿನ ಇದ್ದು ಕೊಯ್ಲು ಮುಗಿಸಿಕೊಟ್ಟು ಹೋದ. ತಂದೆ ಮಗ ಆಡಿದ ಮಾತೆಲ್ಲ ಎತ್ತು, ಭತ್ತ, ಮೋಡದ ಬಗ್ಗೆ. ಮರುವರ್ಷವೂ ಬಂದ. ದೇಶದ ತಂಡಕ್ಕೆ ಅವನನ್ನು ಮತ್ತೆ ಕರೆಯಲಿಲ್ಲ. ಗಿರಣಿಯ ತಂಡದಲ್ಲಿ ಇನ್ನೂ ಕೆಲವು ವರ್ಷ ಆಡಿ, ಆಮೇಲೆ ಅಲ್ಲಿಯ ಹುಡುಗರಿಗೆ ಕಲಿಸುತ್ತ ಉಳಿದ.

ನಾನು ಅರ್ಜಿ ಬರೆದೆ. ಅದನ್ನು ಟಪಾಲಿಗೆ ಹಾಕಿ ಬಂದವರು ಅತ್ತೆ. ಉತ್ತರ ಬರಲು ಒಂದು ವರ್ಷ ಹಿಡಿಯಿತು. ಅಷ್ಟರಲ್ಲಿ ನನಗೆ ಮಗಳು ಹುಟ್ಟಿದ್ದಳು. ಹಿರೇಕೆರೂರು ತಾಲೂಕಿನ ಒಂದು ಹಳ್ಳಿಯಲ್ಲಿ ಹೆಣ್ಣುಮಕ್ಕಳ ಶಾಲೆ, ಒಂದೇ ಕೋಣೆ, ಒಬ್ಬಳೇ ಶಿಕ್ಷಕಿ. ಕೂಸನ್ನು ಕಟ್ಟಿಕೊಂಡು ಗೊತ್ತಿಲ್ಲದ ಊರಿನಲ್ಲಿ ಹೇಗಿರುವುದು? ನಾನೇ ಬೇಡ ಎಂದೆ. ಗಂಡನೂ ಹಾಗೇ ಅಂದರು. ಅತ್ತೆ ತಮ್ಮ ಎರಡು ಸೀರೆ, ಒಂದು ಕಂಬಳಿ ಗಂಟು ಕಟ್ಟಿದರು.

"ನೀವು ಯಾಕ್ರಿ ಅತ್ತಿ? ಇಲ್ಲೇ ಇದ್ರ ಇನ್ನ ಆರಾಮ ಆಗ್ತಿತ್ತು ನಿಮಗ," ಎಂದೆ.

"ಎಲ್ಲಿದ್ರೂ ದಣಿಯೂದ ಐತಿ. ಅಲ್ಲೇ ದಣಿತೇನಿ, ನಡಿ," ಎಂದರು.

ಆರು ವರ್ಷ ನನ್ನೊಂದಿಗಿದ್ದರು. ಮಾವನ ಊಟ ಮೊದಮೊದಲು ನನ್ನ ಗಂಡನ ಕೈಯದು, ಆಮೇಲೆ ಮೈದುನನಿಗೆ ಮದುವೆಯಾಗಿ, ಊರಲ್ಲೇ ಉಳಿದ ನೆಗೆಣ್ಣಿಯದು. ಶನಿವಾರ ನನ್ನ ಗಂಡ ಬಸ್ಸಿಗೆ ಬರುತ್ತಿದ್ದರು. ಆ ಹಳ್ಳಿಯಲ್ಲಿ ಬಾವಿ ದೂರ. ನಾನು ಶಾಲೆಗೆ ಹೋಗುವ ಮೊದಲು ಎರಡು ಕೊಡ ತಂದಿಟ್ಟರೆ, ನಾನು ಬರುವಷ್ಟರಲ್ಲಿ ಅವರು ಬೇಡವೆಂದರೂ ಇನ್ನೆರಡು ತಂದಿರುತ್ತಿದ್ದರು. ಮಗಳನ್ನು ನಡೆಸಿದ್ದು, ಮಾತು ಕಲಿಸಿದ್ದು, ಎರಡನೆಯ ಹೆರಿಗೆ ಮಾಡಿಸಿದ್ದು ಅವರೇ. ಶಾಲೆಗೆ ಹೆಣ್ಣುಮಕ್ಕಳನ್ನು ಕಳಿಸದ ಮನೆಗಳಿಗೆ ನಾನು ಹೋದರೆ ತಾಯಂದಿರು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸುತ್ತಿದ್ದರು. ಅತ್ತೆ ಹೋದರೆ ಒಳಗೆ ಕರೆಯುತ್ತಿದ್ದರು. ಅವರು ಉಪದೇಶ ಮಾಡುತ್ತಿರಲಿಲ್ಲ. "ಕೈಗೆ ಬೇಕಾಗ್ತಾಳ, ನನಗ ಗೊತ್ತೈತಿ. ನಾನೂ ಹಂಗ ಇಟ್ಟುಕೊಂಡಿದ್ದೆ," ಎಂದು ಶುರು ಮಾಡುತ್ತಿದ್ದರಂತೆ. ಒಂಬತ್ತು ಹುಡುಗಿಯರಿದ್ದ ಶಾಲೆ ಎರಡೇ ವರ್ಷದಲ್ಲಿ ಕೋಣೆಗೆ ಸಾಲದಾಯಿತು. ನಾನು ಅವರಿಗೂ ಅಕ್ಷರ ಕಲಿಸುತ್ತೇನೆಂದೆ. "ನನಗ ಸಾಕು ಮಾಡವಾ," ಎಂದು ಕೈಮುಗಿದರು.

ಆರನೆಯ ವರ್ಷದ ಮಳೆಗಾಲದಲ್ಲಿ ಅವರ ಬಲಗಾಲಿನ ಗಂಟೊಂದು ಒಡೆದು ಹುಣ್ಣಾಯಿತು, ಮಾಯಲಿಲ್ಲ. ಹಾವೇರಿಯ ಡಾಕ್ಟರು ಮಲಗಿಸಿ ಇಡಿ ಎಂದರು. ಅಷ್ಟು ವರ್ಷಗಳಲ್ಲಿ ಹಗಲು ಹೊತ್ತು ಅವರು ಮಲಗಿದ್ದನ್ನು ನಾನು ಕಂಡದ್ದು ಆಗಲೇ. ಮೂರು ವಾರ ಜ್ವರ. ನಾನು ರಜೆ ಹಾಕುತ್ತೇನೆಂದರೆ ಕೇಳಲಿಲ್ಲ. ಮೈದುನನಿಗೆ ತಂತಿ ಕೊಟ್ಟೆವು. ಅವನು ಬಂದು ತಲುಪಿದಾಗ ಅವರಿಗೆ ಇನ್ನೂ ಗುರುತು ಸಿಗುತ್ತಿತ್ತು. ಮಾವ ಊರಿನಿಂದ ಬಂದು ಎರಡು ದಿನ ಅವರ ತಲೆಯ ಹತ್ತಿರ ಕುಳಿತು, ಎಂದೂ ಮಾಡದ ಕೆಲಸ ಮಾಡಿದರು: ಹೆಗಲ ಶಲ್ಯದಿಂದ ಗಾಳಿ ಹಾಕಿದರು. ಒಂದು ಭಾನುವಾರ ಮಧ್ಯಾಹ್ನ ಅತ್ತೆ ತೀರಿಕೊಂಡರು. ಅಕ್ಕಿಆಲೂರಿಗೆ ಒಯ್ದು ಗದ್ದೆಯ ಅಂಚಿನಲ್ಲಿ ಮಣ್ಣು ಮಾಡಿದೆವು. ಶಾಲೆಯ ಹುಡುಗಿಯರಲ್ಲಿ ಹದಿನಾಲ್ಕು ಮಂದಿ, ತಾಯಂದಿರ ಜೊತೆ, ಎರಡು ಚಕ್ಕಡಿ ಕಟ್ಟಿಕೊಂಡು ಅಷ್ಟು ದೂರ ಬಂದಿದ್ದರು.

ಆ ಮೇಲೆ ನಾನು ಬೇರೆ ಬೇರೆ ಊರುಗಳಲ್ಲಿ, ಒಟ್ಟು ಮೂವತ್ತು ವರ್ಷಕ್ಕೂ ಮೇಲೆ ಕಲಿಸಿದೆ. ನನ್ನನ್ನು ಅಕ್ಕೋರೇ ಎಂದು ಕರೆಯುವ ಹೆಂಗಸರು ಈಗಲೂ ಬಸ್ಸಿನಲ್ಲಿ, ಸಂತೆಯಲ್ಲಿ ಸಿಗುತ್ತಾರೆ. ಎಷ್ಟೋ ಜನರ ಹೆಸರು ನನಗೆ ನೆನಪಿಲ್ಲ. ಅವರಲ್ಲಿ ಕೆಲವರು, ಆ ಮೊದಲ ಹಳ್ಳಿಯವರು, ನನ್ನ ಪಾಠದ ಮಾತು ತೆಗೆಯುವುದಿಲ್ಲ. "ನಿಮ್ಮ ಅತ್ತಿ ನಮ್ಮ ಮನಿಗೆ ಬಂದಿದ್ರು ನೋಡ್ರಿ," ಎಂದು ಶುರು ಮಾಡುತ್ತಾರೆ. ನಾನು ಬಸ್ಸು ಬಿಟ್ಟರೂ ಚಿಂತೆಯಿಲ್ಲವೆಂದು ನಿಂತು ಪೂರ್ತಿ ಕೇಳಿಸಿಕೊಳ್ಳುತ್ತೇನೆ.